ಅಕಾರ್ಡಿಯನ್ನಿನ ಹೆಗಲಪಟ್ಟಿ

ವೀಣೆಯು ನೆಲದ ಮೇಲೊಂದಿಷ್ಟು, ವೈಣಿಕನ ತೊಡೆಯ ಮೇಲೊಂದಿಷ್ಟು ಒರಗಿಕೊಂಡು ತನ್ನ ಭಾರವನ್ನು ಹಂಚಿಬಿಡುತ್ತದೆ. ನಮ್ಮ ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ವಾದಕನ ಎದೆಗೂ ಬಲಪಾದಕ್ಕೂ ನಡುವೆ ನೆಮ್ಮದಿಯ ನೆಲೆಯೊಂದನ್ನು ಕಂಡುಕೊಂಡಿದೆ. ಹಾರ್ಮೋನಿಯಮ್ಮು ಭಜನೆಯ ಮನೆಯಲ್ಲಿ ಚಾಪೆಯ ಮೇಲೆ ಕುಳಿತರೆ, ನಾಟಕದ ಕಂಪನಿಗಳಲ್ಲಿ ಕಾಲುಗಳನ್ನೇ ಪಡೆದು ರಂಗದ ಬದಿಯಲ್ಲಿ ನಿಂತುಕೊಂಡಿತು. ಇವುಗಳಲ್ಲಿ ಯಾವುದನ್ನು ನುಡಿಸುವವರಿಗೂ ವಾದ್ಯದ ತೂಕವೆಷ್ಟೆಂಬ ವಿಚಾರವು ಕಛೇರಿಯ ನಡುವೆ ಮನಸ್ಸಿಗೆ ಬರಬೇಕಾದ ಪ್ರಮೇಯವಿಲ್ಲ. ಆದರೆ ಅಕಾರ್ಡಿಯನ್ ಎಂಬ ವಾದ್ಯವನ್ನು ನುಡಿಸುವುದಕ್ಕೆ ಮೊದಲು ಅದನ್ನು ಅಂಗಿಯಂತೆ ತೊಟ್ಟುಕೊಳ್ಳಬೇಕಾಗುತ್ತದೆ. ಅದು ಎದೆಗೆ ಒತ್ತಿ ಕುಳಿತು ವಾದಕನ ಉಸಿರಿನೊಡನೆ ತಾನೂ ಏರಿಳಿಯುವ ವಾದ್ಯ. ಅದನ್ನು ದೇಹಕ್ಕೆ ಬಂಧಿಸತಕ್ಕವು ಎರಡು ತೊಗಲಿನ ಪಟ್ಟಿಗಳು. ನಮ್ಮ ವಾದ್ಯಗೋಷ್ಠಿಗಳವರು ಅವನ್ನು ಬೆಲ್ಟು ಎಂದು ಕರೆಯುತ್ತಾರೆ.

ಅಕಾರ್ಡಿಯನ್ನನ್ನು ಕೊಳ್ಳಹೋದವರು ರೀಡುಗಳ ನಾದವನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ, ತಿದಿಯನ್ನು ಹಿಗ್ಗಿಸಿ ಗಾಳಿ ಸೋರುವುದೇ ಎಂದು ಕಿವಿಗೊಡುತ್ತಾರೆ, ಕೀಲಿಗಳು ಸಮಮಟ್ಟದಲ್ಲಿವೆಯೇ ಎಂದು ಅಂಗೈ ಸವರಿ ನೋಡುತ್ತಾರೆ. ಪಟ್ಟಿಗಳನ್ನು ನೋಡುವವರು ವಿರಳ. ಮಾರುವವರೂ ಅವುಗಳ ಮಾತನ್ನೆತ್ತುವುದಿಲ್ಲ. ಪೆಟ್ಟಿಗೆಯೊಳಗೆ ಹೇಗೆ ಬಂದಿದ್ದವೋ ಹಾಗೆಯೇ ಅವು ಹೊಸ ಒಡೆಯರ ಹೆಗಲೇರುತ್ತವೆ. ವಾದ್ಯದ ಉಳಿದ ಅಂಗಗಳೆಲ್ಲ ಯಾರು ನುಡಿಸಿದರೂ ಒಂದೇ ಆಗಿರುವಾಗ, ನುಡಿಸುವವರ ಎತ್ತರಕ್ಕೆ, ಎದೆಯ ವಿಸ್ತಾರಕ್ಕೆ, ಹೆಗಲಿನ ಇಳಿಜಾರಿಗೆ ಅನುಗುಣವಾಗಿ ಬದಲಾಗಬೇಕಾದುದು ಮುಖ್ಯವಾಗಿ ಈ ಪಟ್ಟಿಗಳೇ ಆಗಿರುವುದರಿಂದ, ಅವುಗಳ ವಿಷಯದಲ್ಲಿ ನಾವು ತೋರುವ ಔದಾಸೀನ್ಯವು ನನಗೆ ಬಹಳ ದೊಡ್ಡ ತಪ್ಪಾಗಿ ಕಾಣುತ್ತದೆ.

ಈ ತಪ್ಪನ್ನು ನಾನೇ ಮಾಡಿ ಅದರ ಫಲವನ್ನು ಉಂಡಿದ್ದೇನೆ. ವಯಸ್ಸು ನಲವತ್ತು ದಾಟಿದ ಮೇಲೆ, ವಾದ್ಯಗೋಷ್ಠಿಯಿಂದ ನಿವೃತ್ತರಾದವರೊಬ್ಬರ ಮನೆಯಿಂದ 120 ಗುಂಡಿಗಳ ಹಳೆಯ ಅಕಾರ್ಡಿಯನ್ನೊಂದನ್ನು ಬಹು ಆಸೆಯಿಂದ ತಂದೆನು. ತೂಗಿ ನೋಡಿದರೆ ಹತ್ತೂವರೆ ಕಿಲೋ. ದಿನವೂ ಸಂಜೆ ಒಂದು ಗಂಟೆಯ ಸಾಧನೆ ನಡೆಯುತ್ತಿತ್ತು. ಎರಡು ತಿಂಗಳು ಕಳೆಯುವುದರೊಳಗೆ ಎಡಹೆಗಲಿನಲ್ಲಿ ಉರಿಯಂಥ ನೋವೊಂದು ಆರಂಭವಾಯಿತು. ಮೂರನೆಯ ತಿಂಗಳಲ್ಲಿ ಎಡಗೈಯ ಉಂಗುರಬೆರಳೂ ಕಿರುಬೆರಳೂ ನುಡಿಸುತ್ತಿರುವಾಗಲೇ ಜೋಮು ಹಿಡಿಯತೊಡಗಿದವು. ವೈದ್ಯರು ಕುತ್ತಿಗೆಯ ಎಲುಬುಗಳ ಚಿತ್ರವನ್ನು ತೆಗೆಸಿ, ಅಲ್ಲಿ ಯಾವ ದೋಷವೂ ಇಲ್ಲವೆಂದರು. ವಯಸ್ಸಾದ ಮೇಲೆ ಹೊಸ ವಿದ್ಯೆಗೆ ಕೈಹಾಕಿದುದೇ ಅಪರಾಧವೆಂದು ಬಗೆದು ನಾನು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಟ್ಟೆನು.

ಅದನ್ನು ಮತ್ತೆ ತೆರೆಯಿಸಿದವರು, ಹಿಂದೆ ಚಲನಚಿತ್ರಗಳ ವಾದ್ಯವೃಂದದಲ್ಲಿ ಬಹುಕಾಲ ಅಕಾರ್ಡಿಯನ್ ನುಡಿಸಿದ್ದ ಹಿರಿಯರೊಬ್ಬರು. ಯಾವುದಾದರೂ ಒಂದು ಸ್ವರಾವಳಿಯನ್ನು ನುಡಿಸಿ ತೋರಿಸಬೇಕೆಂದು ನಾನು ಕೈಯೆತ್ತಿದರೆ ಅವರು ತಡೆದು, “ನುಡಿಸೋದು ಬೇಡ, ಸುಮ್ಮನೆ ಹಾಕ್ಕೊಂಡು ಕೂತ್ಕೊಳ್ಳಿ,” ಎಂದರು. ಕುಳಿತೆನು. ಎರಡೂ ಕೈಗಳನ್ನು ಕೆಳಗೆ ಬಿಡಹೇಳಿದರು. ಬಿಟ್ಟೊಡನೆ ವಾದ್ಯವು ಮುಂದಕ್ಕೆ ಬಾಗಿ, ಬಲಗಡೆಗೆ ಜಾರಿ, ಹೊಟ್ಟೆಯ ಮೇಲೆ ಇಳಿಬಿದ್ದಿತು. ಅವರು ಹತ್ತಿರ ಬಂದು ಪಟ್ಟಿಯ ಬಕಲನ್ನು ತೋರಿಸಿದರು. ಸಾಲಾಗಿದ್ದ ತೂತುಗಳಲ್ಲಿ ಐದನೆಯದು ಮಾತ್ರ ಎಳೆದೆಳೆದು ಉದ್ದನೆಯ ಸೀಳಾಗಿತ್ತು. ಅದರ ಸುತ್ತಲಿನ ತೊಗಲು ಕಪ್ಪಾಗಿ ಹೊಳೆಯುತ್ತಿತ್ತು. ಉಳಿದ ತೂತುಗಳು ಅಂಗಡಿಯಿಂದ ತಂದ ದಿನದಂತೆಯೇ ದುಂಡಾಗಿದ್ದವು. “ಇದು ನಿಮ್ಮ ಬೆಲ್ಟಲ್ಲ ಕಣ್ರೀ, ಅವರದು. ಅವರು ಒಳ್ಳೆ ಆಜಾನುಬಾಹು. ನೀವು ಇಷ್ಟು ದಿನ ಅವರ ಅಂಗಿ ತೊಟ್ಕೊಂಡು ಓಡಾಡಿದೀರಿ.” ಇಪ್ಪತ್ತು ವರ್ಷ ಇನ್ನೊಬ್ಬರ ಮೈಗೆ ಹೊಂದಿಕೊಂಡಿದ್ದ ಆ ಸೀಳಿನೊಳಗೆ ನಾನು ದಿನವೂ ನನ್ನ ದೇಹವನ್ನು ತೂರಿಸುತ್ತಿದ್ದೆನೆಂಬುದು ಆಗ ತಿಳಿಯಿತು.

ಈ ಭಾರವು ವಾದ್ಯದೊಡನೆಯೇ ಹುಟ್ಟಿದುದಲ್ಲ. 1829ರಲ್ಲಿ ವಿಯೆನ್ನಾ ನಗರದ ವಾದ್ಯಶಿಲ್ಪಿ ಸಿರಿಲ್ ಡೆಮಿಯಾನ್ ಎಂಬಾತನು ಅಕಾರ್ಡಿಯನ್ ಎಂಬ ಹೆಸರಿನಲ್ಲಿ ಸನ್ನದು ಪಡೆದಾಗ ಅದು ಪ್ರವಾಸ ಹೋಗುವವರು ಕೈಯಲ್ಲಿ ಹಿಡಿದೊಯ್ಯಬಹುದಾದಷ್ಟು ಚಿಕ್ಕ ಪೆಟ್ಟಿಗೆಯಾಗಿತ್ತು. ಒಂದು ಕೀಲಿಯನ್ನೊತ್ತಿದರೆ ಹೊಂದಾಣಿಕೆಯುಳ್ಳ ಹಲವು ಸ್ವರಗಳು ಒಟ್ಟಾಗಿ ಹೊರಡುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತು. ಅದಕ್ಕೆ ಹೆಗಲಪಟ್ಟಿಯ ಅವಶ್ಯಕತೆ ಇರಲಿಲ್ಲ. ಮುಂದೆ ಇಟಲಿಯ ಕಾಸ್ಟೆಲ್‌ಫಿದಾರ್ದೋ ಎಂಬ ಊರಿನಲ್ಲಿ 1863ರಲ್ಲಿ ಪಾವೊಲೋ ಸೊಪ್ರಾನಿಯು ಇದರ ತಯಾರಿಕೆಯನ್ನು ಪ್ರಾರಂಭಿಸಿದ ಮೇಲೆ ಆ ಪ್ರಾಂತವೇ ಈ ವಾದ್ಯದ ತವರಾಯಿತು. ಬಲಗೈಗೆ ಪಿಯಾನೋದಂತಹ ಕೀಲಿಮಣೆ ಬಂದಿತು. ಎಡಗೈಗೆ ಆರು ಸಾಲು, ಸಾಲಿಗೆ ಇಪ್ಪತ್ತರಂತೆ 120 ಗುಂಡಿಗಳ ವ್ಯವಸ್ಥೆ ರೂಪುಗೊಂಡಿತು. ತಿದಿಯನ್ನು ಹಿಗ್ಗಿಸುವಾಗ ಒಂದು ನಾಲಗೆಯೂ ಕುಗ್ಗಿಸುವಾಗ ಇನ್ನೊಂದು ನಾಲಗೆಯೂ ಮಿಡಿಯಬೇಕಾದುದರಿಂದ, 41 ಕೀಲಿಗಳುಳ್ಳ ವಾದ್ಯದಲ್ಲಿ ನಾಲ್ಕು ಶ್ರೇಣಿಯ ರೀಡುಗಳಿದ್ದರೆ ಬಲಭಾಗದಲ್ಲಿಯೇ 328 ಉಕ್ಕಿನ ನಾಲಗೆಗಳಾಗುತ್ತವೆ. ಅವುಗಳನ್ನು ಕೂರಿಸಿದ ಲೋಹದ ತಗಡುಗಳು, ಮರದ ದಿಮ್ಮಿಗಳು, ಎಡಗಡೆಯ ಸನ್ನೆಗೋಲುಗಳ ಜಾಲ, ಎಲ್ಲವೂ ಸೇರಿ, ಅಂಗೈಯಲ್ಲಿದ್ದ ಪೆಟ್ಟಿಗೆಯು ಹತ್ತು ಹನ್ನೆರಡು ಕಿಲೋ ತೂಗುವ ಯಂತ್ರವಾಗಿ ಬೆಳೆಯಿತು. ಇದೇ ಕುಲಕ್ಕೆ ಸೇರಿದ ಬ್ಯಾಂಡೋನಿಯನ್ ಎಂಬ ವಾದ್ಯವು ಈ ಕಷ್ಟದಿಂದ ಪಾರಾಗಿ ಉಳಿದಿದೆ: ಅದನ್ನು ಮಂಡಿಯ ಮೇಲಿಟ್ಟು ನುಡಿಸುವುದೇ ವಾಡಿಕೆ, ಅರ್ಜೆಂಟೀನಾದ ಆಸ್ಟರ್ ಪಿಯಾಜೊಲ್ಲಾ ನಿಂತು ನುಡಿಸುವಾಗಲೂ ಒಂದು ಕಾಲನ್ನು ಎತ್ತರದ ಮೇಲಿಟ್ಟು, ಆ ಮಂಡಿಯ ಮೇಲೆಯೇ ವಾದ್ಯವನ್ನು ಹರಡಿಕೊಳ್ಳುತ್ತಿದ್ದನು.

ನಮ್ಮ ದೇಶದಲ್ಲಿ ಈ ವಾದ್ಯವನ್ನು ಮನೆಮಾತಾಗಿಸಿದುದು ಹಿಂದಿ ಚಲನಚಿತ್ರ. ಗೂಡಿ ಸೀರ್ವಾಯಿ, ಕೇರ್ಸಿ ಲಾರ್ಡ್, ಈನಾಕ್ ಡೇನಿಯಲ್ಸ್ ಮುಂತಾದವರ ಬೆರಳುಗಳಿಂದ ಹೊರಟ ಆ ನಾದವನ್ನು, ಅದರ ಹೆಸರು ತಿಳಿಯದವರೂ ರೇಡಿಯೋದಲ್ಲಿ ಕೇಳಿ ಗುರುತಿಸಬಲ್ಲವರಾದರು. 1964ರ ‘ಸಂಗಂ’ ಚಿತ್ರದಲ್ಲಿ ರಾಜ್ ಕಪೂರ್ ಅಕಾರ್ಡಿಯನ್ ತೊಟ್ಟು ಹಾಡುವ ದೃಶ್ಯವನ್ನು ನೋಡಿ ಈ ವಾದ್ಯಕ್ಕೆ ಮನಸೋತವರು ನಮ್ಮ ಪೀಳಿಗೆಯಲ್ಲಿ ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬನು. ಬೆಳ್ಳಿತೆರೆಯ ಮೇಲೆ ಅದು ಹೂವಿನ ಹಾರದಷ್ಟು ಹಗುರವಾಗಿ ಕಾಣುತ್ತಿತ್ತು.

ಹಾಗಾದರೆ ಪಟ್ಟಿಯ ಕಾರ್ಯವೇನು? ವಾದ್ಯವನ್ನು ಹೊರುವುದೆಂದು ಯಾರಾದರೂ ಉತ್ತರ ಹೇಳುವರು. ನಾನೂ ಹಾಗೆಯೇ ತಿಳಿದಿದ್ದೆನು. ಹಿರಿಯರು ತಿದ್ದಿದರು. ಕುಳಿತು ನುಡಿಸುವಾಗ ವಾದ್ಯವನ್ನು ಹೊರಬೇಕಾದುದು ತೊಡೆ. ತಿದಿಯ ಭಾಗ ಎಡತೊಡೆಯ ಮೇಲೆ ಕೂರಬೇಕು, ಕೀಲಿಮಣೆಯ ಕೆಳತುದಿ ಬಲತೊಡೆಯ ಒಳಮಗ್ಗುಲಿಗೆ ಒತ್ತಿ ನಿಲ್ಲಬೇಕು. ಹೀಗೆ ಭಾರವು ಕೆಳಗಿಳಿದ ಮೇಲೆ ಪಟ್ಟಿಗೆ ಉಳಿಯುವ ಕೆಲಸವೆಂದರೆ ವಾದ್ಯದ ಬಲಭಾಗವನ್ನು ಎದೆಗೆ ಅಲುಗದಂತೆ ಹಿಡಿದಿರುವುದು. ಏಕೆಂದರೆ ಎಡಗೈ ತಿದಿಯನ್ನು ಹೊರಕ್ಕೆ ಎಳೆದಾಗಲೆಲ್ಲ ಅದರೊಡನೆ ಬಲಭಾಗವೂ ಎಡಕ್ಕೆ ತಿರುಗಲೆಳಸುತ್ತದೆ; ಒಳಕ್ಕೆ ನೂಕಿದಾಗಲೆಲ್ಲ ಬಲಕ್ಕೆ ಸರಿಯಲೆಳಸುತ್ತದೆ. ಪಟ್ಟಿಯು ಸಡಿಲವಾಗಿದ್ದರೆ ಈ ಎಳೆದಾಟವನ್ನು ತಡೆಯುವ ಹೊಣೆಯು ವಾದಕನ ಬಲಮಣಿಕಟ್ಟಿಗೂ ಎಡಹೆಗಲಿಗೂ ಬೀಳುತ್ತದೆ. ಕೀಲಿಗಳ ಮೇಲೆ ನಲಿಯಬೇಕಾದ ಕೈಯೇ ವಾದ್ಯವನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೂ ತೊಡಗಬೇಕಾಗುತ್ತದೆ. ನನ್ನ ನೋವಿನ ಮೂಲವು ಇದೇ ಆಗಿತ್ತು.

ಆದರೆ ಬಿಗಿಯೂ ಮಿತಿ ಮೀರಬಾರದು. ಹೆಗಲೆಂದು ನಾವು ಒಂದೇ ಮಾತಿನಲ್ಲಿ ಕರೆಯುವ ಆ ಪ್ರದೇಶದಲ್ಲಿ, ಕುತ್ತಿಗೆಯಿಂದ ಹೊರಬಿದ್ದ ನರಗಳ ಕಟ್ಟೊಂದು ಕೊರಳೆಲುಬಿನ ಕೆಳಗೆ, ಮೊದಲ ಪಕ್ಕೆಲುಬಿನ ಮೇಲೆ ಹಾದು ತೋಳಿಗಿಳಿಯುತ್ತದೆ. ಕೈಯ ಸ್ಪರ್ಶಜ್ಞಾನವೂ ಬೆರಳುಗಳ ಚಲನೆಯೂ ಅದರ ಅಧೀನ. ಕಿರಿದಾದ ಪಟ್ಟಿಯು ಕೊರಳೆಲುಬನ್ನು ಗಂಟೆಗಟ್ಟಲೆ ಕೆಳಕ್ಕೆ ಅದುಮಿದರೆ ಆ ಇಕ್ಕಟ್ಟಿನ ದಾರಿ ಮತ್ತಷ್ಟು ಇಕ್ಕಟ್ಟಾಗಿ ಬೆರಳುಗಳು ಜೋಮುಗಟ್ಟುವುದು ಸಹಜ. ಇಲ್ಲಿ ಲೆಕ್ಕವು ಸರಳವಾಗಿದೆ. ನಿಂತು ನುಡಿಸುವವನ ಹೆಗಲೊಂದರ ಪಾಲಿಗೆ ಐದು ಕಿಲೋ ಬಂದಿತೆನ್ನೋಣ, ಪಟ್ಟಿಯು ಹೆಗಲಿನ ಮೇಲೆ 10 ಸೆಂಟಿಮೀಟರ್ ಉದ್ದಕ್ಕೆ ತಾಗಿದೆಯೆನ್ನೋಣ, ಅದರ ಅಗಲವು 4 ಸೆಂಟಿಮೀಟರ್ ಇದ್ದರೆ ಆ ಭಾರವು 40 ಚದರ ಸೆಂಟಿಮೀಟರಿನ ಮೇಲೆ ಬೀಳುತ್ತದೆ, 8 ಇದ್ದರೆ 80ರ ಮೇಲೆ, ಒತ್ತಡ ಅರ್ಧಕ್ಕಿಳಿಯುತ್ತದೆ. ನೀರಿನ ಕೊಡವನ್ನು ಹೊರುವ ಹೆಂಗಸು ತಲೆಗೆ ಸಿಂಬೆಯನ್ನಿಟ್ಟುಕೊಳ್ಳುವುದೂ, ಉತ್ಸವಮೂರ್ತಿಯ ಅಡ್ಡೆಗೆ ಹೆಗಲು ಕೊಡುವವರು ವಸ್ತ್ರವನ್ನು ಮಡಿಸಿ ಒತ್ತಾಗಿಟ್ಟುಕೊಳ್ಳುವುದೂ ಇದೇ ಲೆಕ್ಕದಿಂದ. ಹಾಗೆಂದು ಅಗಲವಾದಷ್ಟೂ ಒಳ್ಳೆಯದೆಂದು ತಿಳಿಯಲಾಗದು. ಹೆಗಲು ಕಿರಿದಾದವರಿಗೆ ಅತಿ ಅಗಲದ ಪಟ್ಟಿಯ ಒಳಅಂಚು ಕುತ್ತಿಗೆಯನ್ನು ಕೊರೆಯುತ್ತದೆ, ಹೊರಅಂಚು ತೋಳಿನ ಮೇಲಕ್ಕೆ ಚಾಚಿ ಜಾರುತ್ತದೆ.

ಎರಡು ಪಟ್ಟಿಗಳೂ ಸಮನಾಗಿರಬೇಕೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ತೂಕವನ್ನು ಸಮನಾಗಿ ಹಂಚಬೇಕೆಂಬ ಸದ್ಭಾವದಿಂದ ನಾನೂ ಎರಡು ಕಡೆಯೂ ಐದನೆಯ ತೂತಿಗೇ ಬಕಲನ್ನು ಹಾಕುತ್ತಿದ್ದೆನು. ಆದರೆ ವಾದ್ಯವು ದೇಹದ ಮೇಲೆ ಸಮನಾಗಿ ಕೂರುವುದಿಲ್ಲ. ಪಟ್ಟಿಗಳೆರಡೂ ಅದರ ಬಲಭಾಗದ ಹಿಂಬದಿಗೇ ಸೇರಿಕೊಂಡಿವೆ. ಹಿಗ್ಗಿ ಕುಗ್ಗುವ ತಿದಿ ಎಡಕ್ಕಿದೆ. ಆದುದರಿಂದ ಎಡಹೆಗಲಿನ ಪಟ್ಟಿಯನ್ನು ಬಲದ್ದಕ್ಕಿಂತ ಒಂದೆರಡು ತೂತುಗಳಷ್ಟು ಗಿಡ್ಡ ಮಾಡಿದಾಗ ವಾದ್ಯವು ತುಸು ಎಡಕ್ಕೆ ಸರಿದು, ಕೀಲಿಮಣೆಯು ಗದ್ದದ ನೇರಕ್ಕೆ ಬರುತ್ತದೆ, ತಿದಿಯು ತಾನಾಗಿ ಎಡತೊಡೆಯನ್ನು ಏರುತ್ತದೆ, ಬಲಗೈಯು ಮೊಣಕೈಯನ್ನು ಹಿಂದಕ್ಕೆ ತಿರುಚದೆ ನೇರವಾದ ಮಣಿಕಟ್ಟಿನಿಂದ ಕೀಲಿಗಳನ್ನು ಮುಟ್ಟುತ್ತದೆ. ಎಡಪಟ್ಟಿಯನ್ನು ಎರಡು ತೂತು ಮೇಲಕ್ಕೆ ಹಾಕಿದ ಆ ಸಂಜೆ ನನ್ನ ಬಲಮಣಿಕಟ್ಟು ಮೊತ್ತಮೊದಲ ಬಾರಿಗೆ ನೆಟ್ಟಗಾಯಿತು. ಮಂದ್ರದ ‘ಸ’ದಿಂದ ತಾರದ ‘ಸ’ದವರೆಗೆ ಏರುವಾಗ, ಅದುವರೆಗೆ ನನ್ನ ಬೆರಳಿನ ದೌರ್ಬಲ್ಯವೆಂದೇ ತಿಳಿದಿದ್ದ ಎಡವುವಿಕೆಯು ಅರ್ಧಕ್ಕರ್ಧ ಮಾಯವಾದುದನ್ನು ಕಂಡು ಸಂತೋಷದಿಂದ ಕಣ್ಣು ತುಂಬಿಬಂದಿತು.

ಇದಕ್ಕೆ ಸಂಬಂಧಪಟ್ಟ ಇನ್ನೆರಡು ಮಾತು. ಬೆನ್ನಿನಲ್ಲಿ, ಹೆಗಲಮೂಳೆಗಳ ನಡುವೆ, ಎರಡು ಪಟ್ಟಿಗಳನ್ನೂ ಅಡ್ಡವಾಗಿ ಕೂಡಿಸುವ ಚಿಕ್ಕ ಪಟ್ಟಿಯೊಂದುಂಟು. ಹಲವರು ಇದನ್ನು ಅನಾವಶ್ಯಕವೆಂದು ಬಿಚ್ಚಿಹಾಕುತ್ತಾರೆ. ಇಳಿಹೆಗಲಿನವರಿಗೆ ಅದೇ ಪರಮೋಪಕಾರಿ: ಅದಿಲ್ಲದಿದ್ದರೆ ಪಟ್ಟಿಗಳು ತೋಳಿನ ಕಡೆಗೆ ಜಾರುತ್ತಲೇ ಇರುತ್ತವೆ, ಜಾರದಂತೆ ತಡೆಯಲು ವಾದಕರು ಅರಿವಿಲ್ಲದೆಯೇ ಹೆಗಲನ್ನು ಮೇಲಕ್ಕೆತ್ತಿ ಹಿಡಿಯುತ್ತಾರೆ, ಕಛೇರಿ ಮುಗಿಯುವ ವೇಳೆಗೆ ಕುತ್ತಿಗೆ ಕಲ್ಲಾಗಿರುತ್ತದೆ. ಅದನ್ನು ಅತಿಯಾಗಿ ಬಿಗಿದರೆ ಪಟ್ಟಿಗಳೆರಡೂ ಕುತ್ತಿಗೆಯ ಬುಡಕ್ಕೆ ಸರಿದು ಬೇರೊಂದು ಬಗೆಯ ನೋವು ತರುತ್ತವೆ. ಎರಡನೆಯದು ಎಡಗೈಯನ್ನು ತೂರಿಸುವ ಕೈಪಟ್ಟಿ. ವಾದ್ಯದ ಎಡಭಾಗದ ಮೇಲ್ತುದಿಯಲ್ಲಿರುವ ಚಿಕ್ಕ ಚಕ್ರವನ್ನು ತಿರುಗಿಸಿ ಇದನ್ನು ಬಿಗಿಮಾಡಬಹುದು. ಇದು ಸಡಿಲವಾಗಿದ್ದಾಗ ತಿದಿಯು ದಿಕ್ಕು ಬದಲಿಸುವ ಕ್ಷಣದಲ್ಲಿ ಕೈಯು ಒಂದು ಅಂಗುಲ ಬರಿದೇ ಚಲಿಸುತ್ತದೆ. ಆ ತಡವನ್ನು ತುಂಬಿಕೊಳ್ಳಲು ವಾದಕನು ತಿದಿಯನ್ನು ಜಗ್ಗುತ್ತಾನೆ, ಆ ಜಗ್ಗುವಿಕೆ ಹೆಗಲಪಟ್ಟಿಗೆ ತಟ್ಟುತ್ತದೆ, ಅವನು ಹೆಗಲಪಟ್ಟಿಯನ್ನು ದೂರುತ್ತಾನೆ. ದೋಷ ಒಂದೆಡೆ, ನೋವು ಇನ್ನೊಂದೆಡೆ ಇರುವುದು ಈ ವಾದ್ಯದಲ್ಲಿ ಅಪರೂಪವಲ್ಲ.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಈ ಪಟ್ಟಿಗಳನ್ನು ತಯಾರಿಸಿದವರು ಕೋಟು ತೊಟ್ಟ ಗಂಡಸಿನ ಮೈಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಂತೆ ತೋರುತ್ತದೆ. ಸೀರೆಯುಟ್ಟ ನನ್ನ ಸೋದರಸೊಸೆಯು ಅಕಾರ್ಡಿಯನ್ನನ್ನು ತೊಟ್ಟು ಹತ್ತು ನಿಮಿಷ ನುಡಿಸಿ ಇಳಿಸಿದಾಗ ಅವಳ ಎಡಹೆಗಲಿನಲ್ಲಿ ಸೆರಗಿನ ಪಿನ್ನು ಅಚ್ಚೊತ್ತಿದಂತೆ ಮೂಡಿತ್ತು: ನೆರಿಗೆ ಹಿಡಿದು ಪಿನ್ನು ಚುಚ್ಚುವ ಜಾಗಕ್ಕೂ ಪಟ್ಟಿ ಕೂರುವ ಜಾಗಕ್ಕೂ ಕೂದಲೆಳೆಯ ಅಂತರವಿಲ್ಲ. ರೇಷ್ಮೆಯ ಮೇಲೆ ನುಣುಪಾದ ತೊಗಲು ನಿಲ್ಲುವುದೂ ಇಲ್ಲ. ಪಿನ್ನನ್ನು ಹೆಗಲಿನ ಹಿಂಭಾಗಕ್ಕೆ ಇಳಿಸಿ, ಪಟ್ಟಿಯ ಒಳಮೈಗೆ ಮಖಮಲ್ಲನ್ನು ಹೊಲಿಸಿದ ಮೇಲೆ ಅವಳ ತೊಂದರೆ ನಿಂತಿತು. ಕೊರಳಿನ ಸರವನ್ನು ತೆಗೆದಿಟ್ಟೇ ನುಡಿಸಬೇಕು. ತಿದಿಯ ಮಡಿಕೆಗೆ ಸಿಕ್ಕಿದ ಸರವು ತಾನೂ ಹರಿಯುತ್ತದೆ, ಮಡಿಕೆಯನ್ನೂ ಗೀರುತ್ತದೆ.

ನನ್ನ ಹಳೆಯ ಪಟ್ಟಿಗಳಿಗೆ ಹೊಸ ತೂತುಗಳನ್ನು ಹಾಕಿಸಿ ಕೆಲವು ದಿನ ಕಳೆದೆನು. ಆದರೆ ಅವುಗಳ ಒಳಗಿನ ಮೆತ್ತೆಯು ಸತ್ತುಹೋಗಿತ್ತು. ತೊಗಲು ಬಿರುಕುಬಿಟ್ಟು ಹಪ್ಪಳದಂತಾಗಿತ್ತು. ಹೊಸದನ್ನು ತರಿಸೋಣವೆಂದರೆ ಸಿದ್ಧವಾಗಿ ದೊರೆಯುವವು ಒಂದೋ ಎರಡೋ ಅಳತೆಯವು. ಆಗ ಮೈಸೂರಿನಲ್ಲಿ ಜಟಕಾ ಕುದುರೆಗಳಿಗೆ ಸಾಜು ಹೊಲಿಯುತ್ತಿದ್ದ ವೃದ್ಧರೊಬ್ಬರ ನೆನಪಾಯಿತು. ವಾದ್ಯವನ್ನು ಅವರ ಅಂಗಡಿಯ ಜಗಲಿಗೆ ಹೊತ್ತುಕೊಂಡು ಹೋಗಿ ಸಂಗತಿಯನ್ನು ವಿವರಿಸಿದಾಗ ಅವರು ಕನ್ನಡಕವನ್ನು ಹಣೆಗೇರಿಸಿ ನಕ್ಕು, “ಇದೂ ಸಾಜೇ ಅಲ್ಲವೇ ಸ್ವಾಮಿ?” ಎಂದರು. ಅವರ ಮನೆಮಾತಿನಲ್ಲಿ ವಾದ್ಯಕ್ಕೂ ಸಾಜ್ ಎಂದೇ ಹೆಸರು, ಕುದುರೆಗೆ ತೊಡಿಸುವ ತೊಗಲಿನ ಕಟ್ಟಿಗೂ ಸಾಜ್ ಎಂದೇ ಹೆಸರು. ಪಾರಸಿಯಿಂದ ಬಂದ ಈ ಒಂದೇ ಶಬ್ದವು ಎರಡು ಅರ್ಥಗಳನ್ನು ಒಟ್ಟಿಗೆ ಧರಿಸಿಕೊಂಡು ಬಂದಿರುವುದನ್ನು ನಾನು ಓದಿ ಬಲ್ಲೆನಾದರೂ, ಅದು ನನ್ನ ತೊಡೆಯ ಮೇಲೆಯೇ ಬಂದು ಕೂತುದು ಅಂದೇ.

ಅವರು ಅಳತೆಪಟ್ಟಿಯನ್ನು ಮುಟ್ಟಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ, ತೊಡೆಗಳು ನೆಲಕ್ಕೆ ಸಮಾನಾಂತರವಾಗುವಂತೆ ಕೂರಿಸಿ, ವಾದ್ಯವನ್ನು ತೊಡೆಯ ಮೇಲಿಡಿಸಿ, ಅದರ ಮೇಲಿನ ಕೊಂಡಿಯಿಂದ ಹೆಗಲ ಮೇಲೆ ಹಾಯಿಸಿ ಕೆಳಗಿನ ಕೊಂಡಿಯವರೆಗೆ ಸೆಣಬಿನ ಹುರಿಯೊಂದನ್ನು ಎಳೆದು ಗಂಟು ಹಾಕಿದರು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ದೀರ್ಘವಾಗಿ ಉಸಿರೆಳೆಯಲು ಹೇಳಿ, ಎದೆ ತುಂಬಿ ನಿಂತಾಗ ಹುರಿಯ ಅಡಿಯಲ್ಲಿ ಎರಡು ಬೆರಳು ತೂರಿಸಿ ನೋಡಿದರು. ಹುರಿಗಳನ್ನು ಬಿಚ್ಚಿ ಪಕ್ಕಪಕ್ಕದಲ್ಲಿ ಹಿಡಿದಾಗ ಎಡದ ಹುರಿಯು ಬಲದ್ದಕ್ಕಿಂತ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಅಕಾರ್ಡಿಯನ್ನನ್ನು ಎಂದೂ ಮುಟ್ಟಿರದ ಅವರ ಕೈ, ಹಿರಿಯ ವಾದಕರು ಹೇಳಿದ್ದ ಲೆಕ್ಕಕ್ಕೇ ಬಂದು ನಿಂತಿತ್ತು. ಒಳಗೆ ಫೋಮ್ ಹಾಕುವಿರಾ ಎಂದು ಕೇಳಿದೆನು. ಬೇಡವೆಂದರು. ಅದು ಆರು ತಿಂಗಳಲ್ಲಿ ಚಪ್ಪಟೆಯಾಗುವುದೆಂದೂ, ಕುರಿಯ ತುಪ್ಪಟದ ಹಳೆಯ ಕಂಬಳಿಯನ್ನು ಮೂರು ಪದರ ಮಾಡಿ ಇಟ್ಟರೆ ಅದು ಬೆವರನ್ನೂ ಕುಡಿದು ಭಾರವನ್ನೂ ತಾಳುವುದೆಂದೂ ಹೇಳಿದರು. ಆಮೇಲೆ ತೊಗಲನ್ನು ಕತ್ತರಿಸಿ, ಅದರ ಎರಡು ಅಂಚುಗಳನ್ನೂ ಉಳಿಯಿಂದ ಹೆರೆಹೆರೆದು ಕಾಗದದಷ್ಟು ತೆಳ್ಳಗೆ ಮಾಡಿ ಒಳಕ್ಕೆ ಮಡಚತೊಡಗಿದರು. ಅಷ್ಟು ಶ್ರಮವೇಕೆಂದು ಕೇಳಿದುದಕ್ಕೆ, ದಬ್ಬಣಕ್ಕೆ ಮೇಣದ ದಾರವನ್ನು ಪೋಣಿಸುತ್ತ, “ಹುಣ್ಣು ಮಾಡೋದು ಭಾರ ಅಲ್ಲ ಸ್ವಾಮಿ, ಅಂಚು. ಕುದುರೆ ಬಾಯಿಬಿಟ್ಟು ಹೇಳಲ್ಲ, ಸಾಜು ತೆಗೆದರೆ ಚರ್ಮ ಹೇಳುತ್ತೆ,” ಎಂದರು. ನಮ್ಮ ರೈತರು ನೊಗದ ಜತ್ತಿಗೆಯು ಎತ್ತಿನ ಕೊರಳನ್ನು ಕೊರೆಯದಂತೆ ಅದಕ್ಕೆ ಬಟ್ಟೆ ಸುತ್ತುವುದನ್ನು ಬಾಲ್ಯದಲ್ಲಿ ಎಷ್ಟೋ ಸಲ ನೋಡಿದ್ದೆನು. ಆ ಕರುಣೆಯ ವಿದ್ಯೆಯು ನನ್ನ ಹೆಗಲಿಗೂ ಸಲ್ಲುವುದೆಂದು ತೋರಿರಲಿಲ್ಲ.

ಬಕಲಿನ ವಿಷಯದಲ್ಲಿ ಮಾತ್ರ ನಾನು ಅವರಿಗೆ ಒಂದು ಮಾತು ಹೇಳಬೇಕಾಯಿತು. ಕುದುರೆಯ ಸಾಜಿನಲ್ಲಿ ಹಿತ್ತಾಳೆಯ ಬಕಲು ಬೆಳಗಿ ಹೊಳೆಯುವುದೇ ಶೋಭೆ. ಇಲ್ಲಿ ಅದು ವಾದ್ಯದ ಮೈಗೆ ತಾಗಿ, ಸೆಲ್ಯುಲಾಯ್ಡಿನ ಹೊಳಪಿನ ಮೇಲೆ ಗೀರುಗಳನ್ನೆಳೆಯುತ್ತದೆ. ಅವರು ಒಡನೆಯೇ ಗ್ರಹಿಸಿ, ಬಕಲಿನ ಬೆನ್ನಿಗೆ ಮೆತ್ತನೆಯ ತೊಗಲಿನ ನಾಲಗೆಯೊಂದನ್ನು ಹೊಲಿದುಕೊಟ್ಟರು. ಪೆಟ್ಟಿಗೆಯಲ್ಲಿಡುವಾಗಲೂ ಪಟ್ಟಿಗಳನ್ನು ಕೀಲಿಮಣೆಯ ಮೇಲೆ ಮಡಚಿಡಬಾರದು. ಮುಚ್ಚಳದ ಒತ್ತಡದಿಂದ ಬಕಲು ಕೀಲಿಗಳನ್ನು ಬಾಗಿಸುತ್ತದೆ.

ಹೊಸ ಪಟ್ಟಿಗಳು ಮೊದಲ ಹದಿನೈದು ದಿನ ಗಡುಸಾಗಿದ್ದವು. ದಿನಕ್ಕೆ ಇಪ್ಪತ್ತು ನಿಮಿಷದಂತೆ ತೊಟ್ಟು ಕುಳಿತು ಅವುಗಳನ್ನು ಹೆಗಲಿಗೆ ಪಳಗಿಸಿದೆನು. ಎಡಗೈಯ ಜೋಮು ಒಂದು ತಿಂಗಳಲ್ಲಿ ಬಿಟ್ಟಿತು. ಹೆಗಲಿನ ಉರಿ ಹೋಗಲು ಮೂರು ತಿಂಗಳು ಹಿಡಿಯಿತು. ನಿಂತು ನುಡಿಸುವಾಗ ಈಗಲೂ ಆಯಾಸವಾಗುತ್ತದೆ, ಏಕೆಂದರೆ ಆಗ ತೊಡೆಯ ಆಸರೆ ತಪ್ಪಿ ಹತ್ತೂವರೆ ಕಿಲೋ ಪೂರ್ತಿಯಾಗಿ ಹೆಗಲಿಗೆ ಬರುತ್ತದೆ. ಸೊಂಟಕ್ಕೂ ಒಂದು ಪಟ್ಟಿಯನ್ನು ಬಿಗಿದು ಭಾರವನ್ನು ಕೆಳಕ್ಕಿಳಿಸುವ ಉಪಾಯವುಂಟು, ಬೆಟ್ಟ ಹತ್ತುವವರ ಬೆನ್ನುಚೀಲದಲ್ಲಿರುವಂತೆ. ನಾನು ಎರಡು ಹಾಡುಗಳಿಗಿಂತ ಹೆಚ್ಚು ನಿಂತು ನುಡಿಸುವುದಿಲ್ಲ.

ಮಕ್ಕಳಿಗೆ ಈ ವಾದ್ಯವನ್ನು ಕಲಿಸಹೊರಟ ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮುಂದೆ ಬೆಳೆಯುತ್ತಾರೆ, ಆಗ ಸರಿಹೋಗುತ್ತದೆ ಎಂದು ದೊಡ್ಡ ವಾದ್ಯವನ್ನು ಕೊಡಿಸಬೇಡಿ. 48 ಗುಂಡಿಗಳ ವಾದ್ಯವು ಐದಾರು ಕಿಲೋದಲ್ಲಿ ದೊರೆಯುತ್ತದೆ, ಅದಕ್ಕೂ ಚಿಕ್ಕವುಗಳಿವೆ. ಮಗುವನ್ನು ಕೂರಿಸಿ, ವಾದ್ಯವನ್ನು ತೊಡಿಸಿ, ಎರಡೂ ಕೈಗಳನ್ನು ಕೆಳಗೆ ಬಿಡುವಂತೆ ಹೇಳಿ ನೋಡಿ. ವಾದ್ಯವು ಅಲುಗದೆ ನಿಂತರೆ ಪಟ್ಟಿ ಸರಿಯಾಗಿದೆ, ಜಾರಿದರೆ ಸರಿಯಾಗಿಲ್ಲ. ಮಗು ಬೆಳೆದಂತೆಲ್ಲ ವರ್ಷಕ್ಕೆ ಎರಡು ಸಲವಾದರೂ ತೂತುಗಳನ್ನು ಬದಲಿಸಬೇಕು. ನುಡಿಸುವ ಹಿರಿಯರೆಲ್ಲರೂ ಇಂದು ವಾದ್ಯವನ್ನೆತ್ತುವ ಮೊದಲು, ಪಟ್ಟಿಯು ಕೆಳಗಿನ ಕೊಂಡಿಯೊಳಗೆ ಹಾದು ಬಾಗುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ತೊಗಲು ಮೊದಲು ಬಿರಿಯುವುದು ಅಲ್ಲಿಯೇ. ಅದು ಹರಿದು ವಾದ್ಯ ನೆಲಕ್ಕೆ ಬಿದ್ದರೆ, ಜೇನುಮೇಣದಿಂದ ಅಂಟಿಸಿದ ರೀಡುಗಳು ಒಳಗೊಳಗೇ ಕಳಚಿಕೊಳ್ಳುತ್ತವೆ. ಅಲ್ಲಿ ಗೆರೆಯಷ್ಟು ಬಿರುಕು ಕಂಡರೂ ಆ ದಿನ ನುಡಿಸದೆ, ಪಟ್ಟಿಯನ್ನು ಬದಲಿಸಿರಿ.